ದಪ್ಪ ತಂತಿಯವನ್ನ ಕೇಳ್ರಿ

ಹೋದ ತಿಂಗಳ ಈ ಪುಟದಾಗ ಮಾತಿಗ ಮಾತ ಬಂದು "ಲಗ್ನದಾಗ ಬಾಸ್ ಗಿಟಾರ್ ಬಾರಸ್ತೀನಿ, ಮನ್ಯಾಗ ಕುಂತ್ರ ಪಂಕ್ ಕೇಳ್ತೀನಿ" ಅಂತ ಒಂದ ಸಾಲ ಬರ್ದಿದ್ದೆ ನೋಡ್ರಿ, ಅಷ್ಟಕ್ಕ ಪತ್ರ, ಮೆಸೇಜು, ವಾಯ್ಸ್ ನೋಟು ಎಲ್ಲಾ ಬಂದು ಬಿದ್ದಾವ. ಒಬ್ಬರು ಪಂಕ್ ಅಂದ್ರ ಪಂಖಾ ಏನ್ರಿ, ಬ್ಯಾಸಗ್ಯಾಗ ಅದರ ಸಪ್ಪಳ ನಮಗೂ ಸೇರ್ತದ ಅಂದಾರ. ಇನ್ನೊಬ್ಬ ಕನ್ನಡ ಮಾಸ್ತರು "ಪಂಕ ಅಂದ್ರ ಕೆಸರು, ಆ ಸಂಗೀತಕ್ಕ ಹೆಸರು ಸರಿಯಾಗೇ ಬಿದ್ದದ" ಅಂತ ಕಾರ್ಡ್ ಹಾಕ್ಯಾರ. ಮಾಸ್ತರರಿಗೆ ನಮಸ್ಕಾರ. ಬಾಸ್ ಅಂದ್ರ ತಗ್ಗಿನ ಸ್ವರ ಹಾಕೋ ನಾಕ ದಪ್ಪ ತಂತಿ ಗಿಟಾರು, ಪಂಕ್ ಅಂದ್ರ 1970ರ ದಶಕದಾಗ ನ್ಯೂಯಾರ್ಕ್, ಲಂಡನ್ ಕಡಿ ಎದ್ದ ರಾಕ್ ಸಂಗೀತ, ಹಾಡ ಸಣ್ಣವು, ಸಪ್ಪಳ ಜೋರ. ಉಳಿದವರಿಗೆ ಉತ್ತರ ಕೆಳಗ ಅದ, ಹಿಡಿಸಿದಷ್ಟು.

ಪ್ರಶ್ನೆ: ಅಣ್ಣಾರ, ನಿಮ್ಮ ಆರ್ಕೆಸ್ಟ್ರಾ ಪಾರ್ಟಿ ವಿಡಿಯೋ ಮೊಬೈಲಿನಾಗ ನೋಡ್ದೆ. ನೀವು ತಲಿ ಅಲ್ಲಾಡಸ್ಕೋತ ಬೆರಳ ಆಡಸ್ಲಾಕತ್ತೀರಿ, ಆದ್ರ ನಿಮ್ದು ಒಂದ ಸಪ್ಪಳನೂ ಕೇಳ್ಸಂಗಿಲ್ಲ. ಖರೇನ ಬಾರಸ್ತೀರೋ, ಸುಮ್ಮ ಶೋಕಿಗೆ ನಿಂತಿರ್ತೀರೋ? (ಶಹಾಬಾದ್‌ನಿಂದ ಒಬ್ಬ ಓದುಗ)

ಉತ್ತರ: ಈ ಮಾತ ನಮ್ಮ ಮಾವನೂ ಕೇಳಿದ್ರು, ಹೆಣ್ಣ ಕೊಡೋಕಿಂತ ಮೊದ್ಲ. ತಪ್ಪ ನಿಂದಲ್ಲ ತಮ್ಮಾ, ನಿನ್ನ ಮೊಬೈಲಿಂದು. ಬಾಸಿನ ಎಲ್ಲಕ್ಕಿಂತ ದಪ್ಪ ತಂತಿ, ನಾವು ಇ ಅಂತೀವಿ, ಅದನ್ನ ಮೀಟಿದ್ರ ಸೆಕೆಂಡಿಗೆ 41 ಸಲ ಅದರ್ತದ. ಆ ಸಪ್ಪಳದ ಒಂದ ಅಲಿ ಎಂಟ ಮೀಟರಿಗಿಂತ ಉದ್ದ ಇರ್ತದ, ಅಂದ್ರ ನಿಮ್ಮನಿ ಪಡಸಾಲಿ ದಾಟಿ ಓಣ್ಯಾಗ ಕಾಲ ಚಾಚ್ತದ. ಅಂಥಾದ್ದನ್ನ ಶೇಂಗಾ ಬೀಜದಷ್ಟ ಸ್ಪೀಕರ್ ಹ್ಯಾಂಗ ಹೊರಗ ಹಾಕಬೇಕು ಹೇಳು. ಒಂದ ಛಲೋ ಹೆಡ್‌ಫೋನ್ ಹಾಕ್ಕೊಂಡು ಕೇಳು, ಅವಾಗ ನಾ ಸಿಗ್ತೀನಿ.

ಇನ್ನ ಖರೇನ ಬಾರಸ್ತೀನೋ ಇಲ್ಲೋ ಅಂಬೋದಕ್ಕ ಒಂದ ಕತಿ ಹೇಳ್ತೀನಿ. ಕಲಬುರಗಿ ರಿಂಗ್ ರೋಡಿನ ಒಂದ ಫಂಕ್ಷನ್ ಹಾಲ್‌ನಾಗ ರಿಸೆಪ್ಷನ್ ಇತ್ತು, ಮಂದಿ ಭರ್ತಿ ಕುಣಿಲಾಕತ್ತಿದ್ರು, ಹಾಡಿನ ನಡುವ ನನ್ನ ಬಾಸಿನೊಳಗಿನ 9 ವೋಲ್ಟಿನ ಬ್ಯಾಟರಿ ಸತ್ತಬಿಡ್ತು. ಹಾಡ ನಿಲ್ಲಲಿಲ್ಲ. ಹಾಡೋರು ಹಾಡ್ಲಾಕತ್ತಾರ, ಕೀಬೋರ್ಡ್ ನಡದದ, ಡ್ರಮ್ ಪ್ಯಾಡ್ ನಡದದ. ಆದ್ರ ಕುಣಿಯೋರ ಕಾಲ ಸಾವಕಾಶ ಆದ್ವು, ಇಬ್ಬರು ಹೆಣ್ಣಮಕ್ಕಳು ಕುಣಿಯೋದ ಬಿಟ್ಟು ಊಟದ ಕಡಿ ಹೊಂಟ್ರು, ಮತ್ತ ಮದುಮಗನ ಕಾಕಾ ಮ್ಯಾಲ ತಲಿ ಎತ್ತಿ ಟ್ಯೂಬ್‌ಲೈಟ್ ನೋಡಿದ. ಲೈಟ್ ಹೋಯ್ತು ಅನ್ಕೊಂಡಿದ್ದ. ಬಾಸ್ ಹೋಯ್ತು ಅಂತ ಯಾರಿಗೂ ತಿಳೀಲಿಲ್ಲ, ಏನೋ ಹೋಯ್ತು ಅಂತ ಎಲ್ಲರಿಗೂ ತಿಳೀತು. ಬ್ಯಾಟರಿ ಬದ್ಲಿ ಮಾಡಿ ಮತ್ತ ಶುರು ಮಾಡ್ದೆ, ಆ ಹೆಣ್ಣಮಕ್ಕಳು ಪ್ಲೇಟ್ ಕೈಯಾಗ ಹಿಡ್ಕೊಂಡೇ ವಾಪಸ್ ಬಂದ್ರು. ಅವತ್ತಿಂದ ಪ್ಯಾಂಟಿನ ಕಿಸ್ಯಾಗ ಒಂದ ಹೊಸಾ ಬ್ಯಾಟರಿ ಇಟ್ಕೊಂಡೇ ಸ್ಟೇಜ್ ಏರ್ತೀನಿ.

ಪ್ರಶ್ನೆ: ನಾ ಶಾಸ್ತ್ರೀಯ ಸಂಗೀತ ಕಲೀಲಾಕತ್ತೀನಿ. ಪಂಕ್ ಅಂದ್ರ ಮೂರ ಕಾರ್ಡ್ (ಕೂಡಸಿ ಬಾರಸೋ ಸ್ವರಗಳ ಗುಂಪು) ಹಿಡ್ಕೊಂಡು ಒದರೋದು, ಬಾರಸ್ಲಾಕ ಬರಲಾರದವರ ಆಟ. ನಿಮ್ಮಂಥಾ ಕೆಲಸ ಬಲ್ಲವರು ಅದನ್ನ ಹ್ಯಾಂಗ ಕೇಳ್ತೀರಿ? (ಬೀದರ್‌ನಿಂದ ಒಬ್ಬ ಕಾಲೇಜ್ ಹುಡುಗ)

ಉತ್ತರ: ಅರ್ಧ ಮಾತ ನಿಂದು ಖರೇ ಅದ ತಮ್ಮಾ, ಅದನ್ನ ಮೊದ್ಲ ಒಪ್ಕೋತೀನಿ. ಮೂರ ಕಾರ್ಡಿನ ಹಾಡು ಭಾಳ ಅವ. ಆದ್ರ ನಮ್ಮ ಭಜನಿಗೆ ಎಷ್ಟ ಕಾರ್ಡ್ ಬೇಕು? ಪೆಟಗಿ ಮ್ಯಾಲ ನಾಕ ಮನಿ ಒತ್ಕೋತ ಕುಂತ್ರ ಬೆಳಗಾಗೋ ತನಕ ಭಜನಿ ನಡೀತದ, ಯಾರೂ ಎದ್ದ ಹೋಗಂಗಿಲ್ಲ. ಎಣಸ್ಲಾಕ ಕುಂತ್ರ ಸಂಗೀತ ಕೈಗ ಸಿಗಂಗಿಲ್ಲ.

ನ್ಯೂಯಾರ್ಕ್‌ನಾಗ 1974ರಾಗ ಕೆಲ ಹುಡುಗುರು ಕೂಡಿ ರಾಮೋನ್ಸ್ ಅಂತ ಬ್ಯಾಂಡ್ ಕಟ್ಟಿದ್ರು. 1976ರಾಗ ಅವರ ಮೊದಲ ಎಲ್‌ಪಿ, ಅಂದ್ರ ದೊಡ್ಡ ರೆಕಾರ್ಡ್, ಬಂತು, 14 ಹಾಡು, ಎಲ್ಲಾ ಕೂಡಿ ಅರ್ಧ ತಾಸೂ ಇಲ್ಲ. ಆ ಕಾಲದಾಗ ರಾಕ್‌ನೋರು ಒಂದೊಂದ ಹಾಡನ್ನೇ ಹತ್ತ ಹದಿನೈದ ನಿಮಿಷ ಜಗ್ತಿದ್ರು, ನಡುವ ಡ್ರಮ್‌ನವ ಒಬ್ಬನೇ ಬಾರಸ್ಕೋತ ಕುಂತ್ರ ಉಳಿದವರು ಚಾ ಕುಡುದು ಬರಬಹುದಿತ್ತು. ಇವರು ಬಂದು ಹೊಡದ್ರು ಹೋದ್ರು. ಅವರ ಬಾಸ್‌ನವ ಡೀ ಡೀ ಅಂತ, ಪ್ರತಿ ಹಾಡಿಗೂ ಒನ್ ಟೂ ಥ್ರೀ ಫೋರ್ ಅಂತ ಒದರಿ ಶುರು ಮಾಡಸವ. ಇದನ್ನ ಕೇಳಿ ನಾನೂ ನಿನ್ನಂಗೇ, ಇದರಾಗೇನದ, ಒಂದೇ ಸ್ವರ ಡುಗುಡುಗು ಅಂತದ ಅಷ್ಟ ಅನ್ಕೊಂಡು ಒಂದಿನ ಕದ ಹಾಕ್ಕೊಂಡು ಅವರ ಹಾಡಿನ ಜೋಡಿ ಬಾರಸ್ಲಾಕ ಕುಂತೆ. ಅಲ್ಲಿ ಇರೋ ಗುಟ್ಟೇನಪ್ಪಾ ಅಂದ್ರ, ಎಲ್ಲಾ ಹೊಡತಾನೂ ಮ್ಯಾಲಿಂದ ಕೆಳಗ, ಒಂದೂ ಕೆಳಗಿಂದ ಮ್ಯಾಲ ಇಲ್ಲ. 180ರ ಟೆಂಪೋ, ಅಂದ್ರ ನಿಮಿಷಕ್ಕ 180 ತಾಳ, ತಾಳಕ್ಕ ಎರಡ ಹೊಡತ ಹಿಡದ್ರ ಸೆಕೆಂಡಿಗೆ ಆರ ಹೊಡತ ಆಯ್ತು, ಎರಡೂವರಿ ನಿಮಿಷದ ಹಾಡಿಗೆ ಒಂಬತ್ತನೂರು. ಎರಡನೇ ಹಾಡಿಗೆ ನನ್ನ ಮುಂಗೈ ಕಲ್ಲ ಆಯ್ತು, ಮೂರನೇದಕ್ಕ ತಂತಿ ಮೀಟೋ ಪಿಕ್ ಕೈಬಿಟ್ಟು ಕಪಾಟಿನ ಕೆಳಗ ಹೋತು. ಇಪ್ಪತ್ತ ವರ್ಷದಿಂದ ಬಾರಸವ ನಾ! ಅವರು ಅಂಥಾವು ಒಂದರ ಹಿಂದ ಒಂದ ಉಸರ ಬಿಡಲಾರದ ಬಾರಸ್ತಿದ್ರು. ಹಂಗಾಗಿ ಬರಲಾರದವರ ಆಟ ಅಂಬೋ ಮಾತನ್ನ ನಾ ಅವತ್ತೇ ವಾಪಸ್ ತಗೊಂಡೆ.

ಇನ್ನ ನಿನ್ನ ಮಾತಿನ ಖರೇ ಅರ್ಧ. ಸೆಕ್ಸ್ ಪಿಸ್ಟಲ್ಸ್ ಅಂತ ಲಂಡನ್ ಬ್ಯಾಂಡ್, ಅದರಾಗ ಮೊದ್ಲ ಬಾಸ್ ಬಾರಸವ ಗ್ಲೆನ್ ಮ್ಯಾಟ್ಲಾಕ್, ಕೈನೂ ಛಲೋ, ಹಾಡ ಕಟ್ಲಾಕೂ ಬರ್ತಿತ್ತು. 1977ರ ಶುರುವಿನಾಗ ಅಂವ ಹೋಗಿ ಸಿಡ್ ವಿಷಸ್ ಬಂದ. ಮಾರಿ ನೋಡಿದ್ರ ಪೋಸ್ಟರಿಗೇ ಹುಟ್ಟಿದಂಗಿದ್ದ, ಬಾರಸ್ಲಾಕ ಮಾತ್ರ ಬರ್ತಿದ್ದಿಲ್ಲ. ಆ ವರ್ಷ ಬಂದ ಅವರ ಎಲ್‌ಪಿಯಾಗ ಬಾಸಿನ ಕೆಲಸ ಬಹಳಷ್ಟು ಗಿಟಾರಿನ ಸ್ಟೀವ್ ಜೋನ್ಸ್‌ನೇ ಮಾಡಬೇಕಾಯ್ತು. ಇವತ್ತಿಗೂ ಟೀಶರ್ಟ್ ಮ್ಯಾಲ ಯಾರ ಮಾರಿ ಅದ ನೋಡು, ಸಿಡ್‌ಂದು. ನಮ್ಮ ಆರ್ಕೆಸ್ಟ್ರಾದಾಗೂ ಇಂಥವರು ಇರ್ತಾರ, ಗಿಟಾರ್ ಕೊಳ್ಳಾಗ ಹಾಕ್ಕೊಂಡು ಫೋಟೋಕ್ಕ ಮುಂದ, ಕೇಬಲ್ ಸುತ್ತೋ ಹೊತ್ತಿಗೆ ಕಾಣಂಗಿಲ್ಲ.

ಅದೇ ಊರಾಗ ಕ್ಲ್ಯಾಶ್ ಅಂತ ಇನ್ನೊಂದ ಬ್ಯಾಂಡ್ ಇತ್ತು. ಅದರ ಬಾಸ್‌ನವ ಪಾಲ್ ಸೈಮನನ್, ಚಿತ್ರ ಬರಿಯೋ ಹುಡುಗ, ಬ್ಯಾಂಡಿಗೆ ಬಂದಾಗ ಅಂವಗೂ ಏನೂ ಬರ್ತಿದ್ದಿಲ್ಲ. ಸ್ವರದ ಹೆಸರ ಬಾಸಿನ ಕುತ್ತಿಗಿ ಮ್ಯಾಲ ಬರ್ಕೊಂಡು, ಜೊತಿಗಿದ್ದ ಮಿಕ್ ಜೋನ್ಸ್ ತೋರ್ಸಿದಲ್ಲಿ ಬೆರಳ ಇಟ್ಕೋತ ಶುರು ಮಾಡ್ದ. ಅಂವ ಬೆಳದಿದ್ದು ಬ್ರಿಕ್ಸ್‌ಟನ್ ಕಡಿ, ಅಲ್ಲಿ ಜಮೈಕಾದವರು ಭಾಳ, ಅವರ ರೆಗ್ಗೆ ಸಂಗೀತ ಕಿವಿಗೆ ಬಿದ್ದಿತ್ತು, ರೆಗ್ಗೆ ಅಂದ್ರ ಬಾಸೇ ಯಜಮಾನ. ಮೂರ ವರ್ಷ ಆಗೋದ್ರಾಗ ತನ್ನ ಹಾಡ ತಾನೇ ಕಟ್ಟಿ ತಾನೇ ಹಾಡೋ ಹಂಗಾದ. ಬರಲಾರದ ಶುರು ಮಾಡಿದ್ದು ಇಬ್ಬರೂ, ಒಬ್ಬ ಅಲ್ಲೇ ಕುಂತ, ಒಬ್ಬ ಮುಂದ ನಡದ. ನಂಗ ಸೇರೋ ಪಂಕ್ ಈ ಎರಡನೇಂವಂದು. ಯಾರ ಅಪ್ಪಣಿನೂ ಕೇಳಲಾರದ ಶುರು ಮಾಡು, ಆಮ್ಯಾಲ ದಿನಾ ಕುಂತು ಕೈ ತಿದ್ಕೋ.

ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ಅಂಬೋ ಬ್ಯಾಂಡಿನವರು ಸಾಲ ಸೋಲ ಮಾಡಿ 500 ಪೌಂಡ್ ಕೂಡಸ್ಕೊಂಡು 1977ರಾಗ ತಮ್ಮ ರೆಕಾರ್ಡ್ ತಾವೇ ಹಾಕಸ್ಕೊಂಡ್ರು, ಮೊದ್ಲ ಸಾವಿರ ಕಾಪಿ. ಕಂಪನಿ ಬಾಗಲಾಗ ನಿಂತು ಸಾಹೇಬ್ರ ಸಾಹೇಬ್ರ ಅನ್ನಲಿಲ್ಲ. ನಂಗ ಅವರ ಹಾಡಿಗಿಂತ ಆ ಧೈರ್ಯನೇ ಹೆಚ್ಚ ಕೇಳ್ಸ್ತದ.

ಸೇರಲಾರದ್ದೂ ಅದ, ಅದನ್ನೂ ಬರೀತೀನಿ. ಖುಷಿಗೆ ಸ್ಟೇಜ್ ಮ್ಯಾಲಿನವರಿಗೆ ಉಗುಳೋ ಪದ್ಧತಿ ಇತ್ತು ಅಲ್ಲಿ, ಛೀ. ಕೆಲವರು ಮಂದಿಗೆ ಸಿಟ್ಟ ಬರಸ್ಲಾಕ ಅಂತ ಹಿಟ್ಲರನ ಗುರ್ತ ತೋಳಿಗೆ ಕಟ್ಕೊಂಡು ಅಡ್ಡಾಡಿದ್ರು, ಅದು ಸಣ್ಣ ಹುಡುಗುರ ಹೊಲಸ ಚ್ಯಾಷ್ಟಿ, ಧೈರ್ಯ ಅಲ್ಲ. ಮತ್ತ ಆ ಚರ್ಮದ ಜಾಕೀಟು. ನಮ್ಮ ಕಡಿ ಮೇ ತಿಂಗಳದಾಗ 42 ಡಿಗ್ರಿ ಬಿಸಲಿನಾಗ ಅದನ್ನ ಹಾಕ್ಕೊಂಡು ಜಗತ್ ಸರ್ಕಲ್‌ನಾಗ ನಿಲ್ಲು, ನಿಂಗ ಗೊತ್ತಾಗ್ತದ.

ಪ್ರಶ್ನೆ: ನಮ್ಮ ಮಗ ಡಿಪ್ಲೊಮಾ ಓದ್ಲಾಕತ್ತಾನ್ರಿ. ಹಬ್ಬಕ್ಕ ಕೊಟ್ಟ ರೊಕ್ಕ ಎಲ್ಲಾ ಕೂಡಸಿ ನಾಕ ತಂತಿ ಗಿಟಾರ್ ತಂದಾನ. ರಾತ್ರಿ ಹಗಲ ಅದೇ ಆಗ್ಯದ. ಇದರಾಗ ಹೊಟ್ಟಿ ತುಂಬ್ತದೇನ್ರಿ ಅಣ್ಣಾರ? (ಆಳಂದದಿಂದ ಒಬ್ಬ ತಾಯಿ)

ಉತ್ತರ: ತುಂಬಂಗಿಲ್ರಿ ಅಕ್ಕಾರ. ನೆಟ್ಟಗ ಹೇಳಬೇಕಂದ್ರ ಇದಿಷ್ಟ ಉತ್ತರ. ಆದ್ರ ನೀವು ಮಗನ ಮ್ಯಾಲಿನ ಕಕ್ಕುಲಾತಿಗೆ ಕೇಳೀರಿ ಅಂದಮ್ಯಾಲ ಲೆಕ್ಕ ಬಿಡಸಿ ಹೇಳ್ತೀನಿ.

ನಂಗ ಒಂದ ಪ್ರೋಗ್ರಾಮಿಗೆ 1500ರಿಂದ 2500 ರೂಪಾಯಿ ಸಿಗ್ತದ. ಕೇಳ್ಲಾಕ ಛಂದ ಅದ, ಮೂರ ತಾಸ ಬಾರಸೋದು ಅಂತ ಮಂದಿ ಅಂತಾರ. ಮೂರ ತಾಸ ಎಲ್ಲಿದು? ಹುಮನಾಬಾದ್ ಕಡಿ ಲಗ್ನ ಅಂದ್ರ ಮಧ್ಯಾಹ್ನ ಎರಡಕ್ಕ ಮನಿ ಬಿಡಬೇಕು, ಟಾಟಾ ಏಸ್‌ನಾಗ ಸ್ಪೀಕರ್ ಹಿಂದ ಕಾಲ ಮಡಚ್ಕೊಂಡು ಕುಂದ್ರಬೇಕು, ಹೋಗಿ ಡಬ್ಬಾ ಇಳಸಬೇಕು, ವೈರ್ ಎಳೀಬೇಕು, ಸೌಂಡ್ ಚೆಕ್ ಅಂತ ನಾಕ ಸಲ ಚೆಕ್ ಚೆಕ್ ಅನ್ನೋ ಹೊತ್ತಿಗೆ ಮದುಮಕ್ಕಳ ಮೆರವಣಿಗಿ ಬಂದು ಅವರ ಡಿಜೆ ಸಪ್ಪಳದಾಗ ನಮ್ದು ಮುಚ್ಚಿ ಹೋಗ್ತದ. ಎಂಟಕ್ಕ ಶುರು ಅಂದಿದ್ದು ಒಂಬತ್ತ ಆಗ್ತದ. ರಾತ್ರಿ 10ರ ಮ್ಯಾಲ ಬಯಲಿನಾಗ ಸ್ಪೀಕರ್ ಹಚ್ಚೋ ಹಂಗಿಲ್ಲ ಅಂತ 2000ನೇ ಇಸ್ವಿಯಿಂದ ಕಾಯ್ದೆ ಅದ, ಹಬ್ಬ ಹುಣ್ಣಿಮಿಗೆ ಸರ್ಕಾರ ವರ್ಷಕ್ಕ ಹೆಚ್ಚಂದ್ರ 15 ದಿನ 12ರ ತನಕ ಬಿಡಬಹುದು, ಲಗ್ನದ ಮನ್ಯಾಗಿನವರಿಗೆ ಇದನ್ನ ಹೇಳಿದ್ರ "ಏ ಬಾರಸ್ರಿ, ನಾವಿಲ್ಲೇನು" ಅಂತಾರ, ಪೊಲೀಸ್ ಜೀಪ್ ಬಂದಾಗ ಅವರು ಊಟಕ್ಕ ಕುಂತಿರ್ತಾರ. ಎಲ್ಲಾ ಕಟ್ಕೊಂಡು ಮನಿ ಮುಟ್ಟೋದ್ರಾಗ ಎರಡೂವರಿ, ನಾಯಿ ಬೊಗಳಿ ಓಣಿ ಎಬ್ಬಸ್ತಾವ.

ಅದೂ ವರ್ಷದುದ್ದಕ್ಕೂ ಇಲ್ರಿ. ಆಷಾಢದಾಗ ಲಗ್ನ ಇಲ್ಲ, ಶ್ರಾವಣದಾಗ ಪುರಾಣ ಪ್ರವಚನ, ನಮ್ಮನ್ನ ಯಾರೂ ಕರಿಯಂಗಿಲ್ಲ. ಗಣಪತಿಗೆ ಹತ್ತ ದಿನ ಕೈತುಂಬ ಕೆಲಸ, ತುಳಸಿ ಲಗ್ನ ಆದಮ್ಯಾಲ ಮತ್ತ ಶುರು, ಹೋಳಿ ಆಗಿ ಶರಣಬಸವೇಶ್ವರ ಜಾತ್ರಿ ಹೊತ್ತಿಗೆ ಜೋರ ಇರ್ತದ, ಅಲ್ಲಿಂದ ಮೇ ತನಕ ಲಗ್ನ. ಇನ್ನ ನಮ್ಮ ಜಿಲ್ಲಾದ ವಿಶೇಷ ಏನಂದ್ರ ಎಲ್ಲಾ ತೊಗರಿ ಮ್ಯಾಲ ನಿಂತದ. ಡಿಸೆಂಬರ್ ಜನವರಿಯಾಗ ತೊಗರಿ ರಾಶಿ ಆಗ್ತದ, ರೇಟ್ ಛಲೋ ಬಂತು ಅಂದ್ರ ರಿಸೆಪ್ಷನ್ನಿಗೆ ಎಂಟ ಮಂದಿ ಆರ್ಕೆಸ್ಟ್ರಾ ಕರಿತಾರ. ರೇಟ್ ಬಿತ್ತು ಅಂದ್ರ ಸ್ವೀಟ್ ಕಡಿಮಿ ಮಾಡಂಗಿಲ್ಲ, ಡೆಕೋರೇಷನ್ ಕಡಿಮಿ ಮಾಡಂಗಿಲ್ಲ, "ಒಬ್ಬ ಹಾಡವ ಟ್ರ್ಯಾಕ್ ಹಾಕ್ಕೊಂಡು ಹಾಡ್ಲಿ ಸಾಕು" ಅಂತಾರ. ಹಂಗಾಗಿ ನಾ ದಿನಾ ಮುಂಜಾನಿ ಪೇಪರಿನಾಗ ಸಿನಿಮಾ ಸುದ್ದಿಗಿಂತ ಮೊದ್ಲ ಎಪಿಎಂಸಿ ರೇಟ್ ನೋಡ್ತೀನಿ.

ಪೇಮೆಂಟ್ ವಿಚಾರ ಬ್ಯಾರೆ ಕತಿ. ಒಂದ ಊರಾಗ (ಹೆಸರ ಬ್ಯಾಡ, ಅವರೂ ಪೇಪರ್ ಓದ್ತಾರ) ಪ್ರೋಗ್ರಾಮ್ ಮುಗದು ರಾತ್ರಿ 11ಕ್ಕ ರೊಕ್ಕ ಕೇಳಿದ್ರ ತಮ್ಮ ಅಣ್ಣನ ಕಡಿ ತೋರಸ್ದ, ಅಣ್ಣ ಮಾವನ ಕಡಿ, ಮಾವ ಮದುಮಗನ ಕಡಿ, ಮದುಮಗ ಒಳಗ ಹೋಗಿ ಬಾಗಲ ಹಾಕ್ಕೊಂಡಿದ್ದ, ಅವನ್ನ ಹ್ಯಾಂಗ ಎಬ್ಬಸೋದ್ರಿ. ಅವತ್ತಿಂದ ಅರ್ಧ ರೊಕ್ಕ ಅಡ್ವಾನ್ಸ್, ಉಳಿದರ್ಧ ಕೊನಿ ಎರಡ ಹಾಡಿಗೆ ಮೊದ್ಲ, ಡೀಸೆಲ್ ಬ್ಯಾರೆ. ನಿಮ್ಮ ಮಗನಿಗೂ ಇದನ್ನ ಮೊದಲ ಪಾಠ ಅಂತ ಹೇಳ್ರಿ.

ನನ್ನ ಹೊಟ್ಟಿ ತುಂಬಸೋದು ಸಣ್ಣದೊಂದ ಮೋಟರ್ ರಿವೈಂಡಿಂಗ್ ಅಂಗಡಿ. ಹಗಲ ತಾಮ್ರದ ತಂತಿ ಸುತ್ತತೀನಿ, ರಾತ್ರಿ ಉಕ್ಕಿನ ತಂತಿ ಮೀಟ್ತೀನಿ. ಅಮೆರಿಕಾದಾಗ ಮೈಕ್ ವಾಟ್ ಅಂತ ಒಬ್ಬ ಬಾಸ್‌ನವ ಅದಾನ, 1980ರಾಗ ಮಿನಿಟ್‌ಮೆನ್ ಅಂತ ಪಂಕ್ ಬ್ಯಾಂಡ್ ಕಟ್ಟಿದವ, ಹೆಸರಾದ ಮ್ಯಾಲೂ ತಾನೇ ವ್ಯಾನ್ ಹೊಡ್ಕೊಂಡು ಊರೂರ ತಿರಗಿ ಬಾರಸಿದವ. ಅದನ್ನ ಓದಿದಾಗ ನಂಗ ಟಾಟಾ ಏಸ್‌ನಾಗ ಕಾಲ ಮಡಚ್ಕೊಂಡು ಕುಂದ್ರೋದು ಸ್ವಲ್ಪ ಹಗುರ ಅನಸ್ತು. ಮಗ ಡಿಪ್ಲೊಮಾ ಮುಗಸ್ಲಿ ಅಕ್ಕಾರ, ಗಿಟಾರ್ ಕಸ್ಕೋಬ್ಯಾಡ್ರಿ. ಎರಡೂ ಕೈ ಇರ್ತಾವ.

ಪ್ರಶ್ನೆ: ನಾನೂ ಬಾಸ್ ಬಾರಸ್ತೀನಿ. ಈಗ ಎಲ್ಲಾ ಪಾರ್ಟಿಯಾಗ ಕೀಬೋರ್ಡಿನವನೇ ಎಡಗೈಲೆ ಬಾಸ್ ಹಾಕ್ತಾನ, ನಮ್ಮನ್ನ ಕರಿಯೋದೇ ಬಿಟ್ಟಾರ. ಏನ್ ಮಾಡ್ಲಿ? (ಯಾದಗಿರಿ)

ಉತ್ತರ: ಎರಡ ಕೆಲಸ ಮಾಡು. ಒಂದು, ಕೀಬೋರ್ಡಿನವನ ಜೋಡಿ ಜಗಳ ತೆಗೀಬ್ಯಾಡ, ಅವನೇ ನಿನ್ನ ಹೆಸರ ಹೇಳವ. "ಎಡಗೈ ಬಿಡ್ರಿ ಅಣ್ಣಾ, ಆ ಕೈಲೆ ವಯಲಿನ್ ಟೋನ್ ಹಾಕ್ರಿ" ಅಂತ ಅಂದ್ರ ಅವಂಗೂ ಖುಷಿ. ಎರಡು, ಕೋರಸ್ ಹಾಡ್ಲಾಕ ಕಲಿ, ಇಲ್ಲಾಂದ್ರ ಎಲ್ಲಾರ ಸಪ್ಪಳ ಹೆಚ್ಚ ಕಡಿಮಿ ಮಾಡೋ ಸೌಂಡ್ ಮಿಕ್ಸರ್ ನೋಡ್ಲಾಕ ಕಲಿ. ಬಾಸ್ ಅಷ್ಟೇ ಬಾರಸವನ್ನ ಬಿಟ್ಟ ಬರ್ತಾರ, ಬಾಸ್ ಬಾರಸಿ ಮಿಕ್ಸರ್ ಸುಧಾರಸವನ್ನ ಬಿಡಂಗಿಲ್ಲ. ಮತ್ತ ಪ್ಯಾಡಿನವನ ಕಾಲ ಬುಡಕ್ಕ ನಿಲ್ಲು, ಅವನ ಕಿಕ್ ಡ್ರಮ್ಮಿನ ಹೊಡತಾನೂ ನಿನ್ನ ಬೆರಳೂ ಒಂದೇ ಹೊತ್ತಿಗೆ ಬಿತ್ತು ಅಂದ್ರ ಯಾವ ಎಡಗೈನೂ ಅದನ್ನ ಮಾಡಂಗಿಲ್ಲ.

ಪ್ರಶ್ನೆ: ಕಾಲೇಜ್ ಡಿಬೇಟ್‌ನಾಗ "ವಚನಕಾರರೇ ನಮ್ಮ ಮೊದಲ ಪಂಕ್‌ಗಳು" ಅಂತ ಮಾತಾಡಬೇಕು ಅಂತ ಮಾಡೀನಿ. ಪಾಯಿಂಟ್ಸ್ ಕೊಡ್ರಿ. (ಕಲಬುರಗಿ, ಇಂಜಿನಿಯರಿಂಗ್ ವಿದ್ಯಾರ್ಥಿ)

ಉತ್ತರ: ಕೊಡಂಗಿಲ್ಲ. ಚಪ್ಪಾಳಿ ಬೀಳ್ತಾವ ಅಂತ ಗೊತ್ತದ, ಆದ್ರೂ ಕೊಡಂಗಿಲ್ಲ. 12ನೇ ಶತಮಾನದಾಗ ಕಲ್ಯಾಣದಾಗ ಶರಣರಾದ ಹರಳಯ್ಯ ಮಧುವರಸರಿಗೆ ಎಳೆಹೂಟೆ (ಆನಿ ಕಾಲಿಗೆ ಕಟ್ಟಿ ಎಳಸಿ ಕೊಲ್ಲೋ) ಶಿಕ್ಷೆ ಆಯ್ತು ಅಂತ ಓದೀವಿ, ಮಕ್ಕಳ ಲಗ್ನ ಜಾತಿ ದಾಟಿ ಮಾಡಿದ್ದಕ್ಕ. 1976ರಾಗ ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್‌ನವರು ಟಿವಿಯಾಗ ಬೈಗುಳ ಆಡಿದ್ರು, ಪೇಪರಿನವರು ಬೈದ್ರು, ಕಂಪನಿ ಕೈಬಿಡ್ತು, ಬ್ಯಾರೆ ಕಂಪನಿ ಕರೀತು. ಇದನ್ನೂ ಅದನ್ನೂ ಒಂದೇ ತಕ್ಕಡಿಗೆ ಹಾಕ್ಲಾಕ ನನ್ನ ಕೈ ಬರಂಗಿಲ್ಲ. ಶರಣರಿಗೆ ಲಂಡನ್ನಿನ ಬ್ಯಾಡ್ಜ್ ಬೇಕಾಗಿಲ್ಲ.

ಪಂಕಿನ ಸಪ್ಪಳಕ್ಕ ನಮ್ಮ ಕಡಿ ಬೀಗರು ಯಾರು ಅಂತ ಕೇಳಿದ್ರ ಅದನ್ನ ಹೇಳ್ತೀನಿ. ಮೊಹರಂದಾಗ ನಮ್ಮ ಹಳ್ಳಿಗೆ ಬಾ. ಅಲಾಯಿ ಕುಣಿ ಸುತ್ತ ಹಲಗಿಯವರು ನಿಂತಿರ್ತಾರ, ಬಾರಸೋಕಿಂತ ಮೊದ್ಲ ಹುಲ್ಲಿನ ಬೆಂಕಿ ಹಚ್ಚಿ ಹಲಗಿ ಕಾಸ್ತಾರ, ಕಾಸಿ ಬೆರಳಲೆ ಒಂದ ಸಲ ಟಣ್ ಅನಸಿ ಕಿವಿ ಹಚ್ಚಿ ಕೇಳ್ತಾರ, ಸಾಲಲಿಲ್ಲ ಅಂದ್ರ ಮತ್ತ ಬೆಂಕಿಗೆ. ಟ್ಯೂನರ್ ಇಲ್ಲ, ಮೈಕ್ ಇಲ್ಲ. ಒಮ್ಮಿ ಶುರು ಆಯ್ತಂದ್ರ ಎದಿ ಎಲುಬಿಗೆ ಬಡಿತದ, ನನ್ನ ಎಂಟನೂರ ವ್ಯಾಟಿನ ಡಬ್ಬಾ ಅದರ ಮುಂದ ಸಣ್ಣ ಕೂಸು. ಇಲ್ಲಾ ಏಪ್ರಿಲ್ 14ರ ರಾತ್ರಿ ನಮ್ಮ ಓಣಿಗಳಾಗ ಅಂಬೇಡ್ಕರ್ ಜಯಂತಿಗೆ ಭೀಮಗೀತಿ ಹಾಡೋ ಹುಡುಗುರನ್ನ ಕೇಳು. ಸಂಗೀತ ಸಾಲಿಗೆ ಹೋದವರಲ್ಲ, ಹಾಡ ತಾವೇ ಕಟ್ಟಿದ್ದು, ಸ್ಟೇಜ್ ತಾವೇ ಹಾಕಿದ್ದು, ವಂತಿಗಿ ಮನಿ ಮನಿ ತಿರಗಿ ಎತ್ತಿದ್ದು. ನಾ ಆ ಸ್ಟೇಜ್ ಮ್ಯಾಲ ಬಾಸ್ ಬಾರಸೀನಿ, ಅಲ್ಲಿ ಸ್ವರ ತಪ್ಪಿದ್ರ ಯಾರೂ ಕೇಳಂಗಿಲ್ಲ, ಜೋರ ತಪ್ಪಿದ್ರ ಕೇಳ್ತಾರ. ಡಿಬೇಟ್‌ನಾಗ ಇವರ ಬಗ್ಗೆ ಮಾತಾಡು, ಪಂಕ್ ಅಂಬೋ ಶಬ್ದ ಬಳಸಲಾರದನೇ.

ಪ್ರಶ್ನೆ: ಸ್ಟೇಜ್ ಮ್ಯಾಲ ಗಿಟಾರ್ ಒಡಿಯೋದು ಪಂಕ್ ಅಂತಾರಲ್ಲ, ನೀವು ಒಡದೀರೇನು? (ಸೇಡಂ)

ಉತ್ತರ: 1979ರಾಗ ನ್ಯೂಯಾರ್ಕಿನ ಪಲ್ಲಾಡಿಯಮ್‌ನಾಗ ಮ್ಯಾಲ ಹೇಳಿದ ಪಾಲ್ ಸೈಮನನ್ ಒಡದ, ಪೆನ್ನಿ ಸ್ಮಿತ್ ಫೋಟೋ ಹೊಡದ್ರು, ಅದು ಎಲ್‌ಪಿ ಕವರ್ ಆಯ್ತು, ಆ ಮುರಕ ಬಾಸ್ ಈಗ ಲಂಡನ್ ಮ್ಯೂಸಿಯಮ್ಮಿನವರ ಕಡಿ ಅದ. ನಾ ಒಡದ್ರ ಇಎಂಐ ನಾ ಕಟ್ಟಬೇಕು, ಮುರಕ ಬಾಸ್ ಗುಜರಿಯವ ಕಿಲೋ ಲೆಕ್ಕದಾಗ ಒಯ್ತಾನ.

ಪ್ರಶ್ನೆ: ಅಣ್ಣಾ, ನಾ ಬಿಎಸ್ಸಿ ಓದ್ತೀನಿ. ಬಾಸ್ ಕಲೀಬೇಕಂತ ಆಸಿ ಅದ. ನಮ್ಮಣ್ಣ "ನಿನ್ನ ಬೆರಳ ಸಣ್ಣವ, ಹೆಣ್ಣಮಕ್ಕಳಿಗೆ ಅದು ಆಗಂಗಿಲ್ಲ" ಅಂತಾನ. ಖರೇ ಏನು? (ಹುಮನಾಬಾದ್‌ನಿಂದ ಒಬ್ಬ ತಂಗಿ)

ಉತ್ತರ: ನಿಮ್ಮಣ್ಣಗ ಕ್ಯಾರಲ್ ಕೇ ಅಂಬೋ ಅಮ್ಮನ ಹೆಸರ ಹೇಳು ತಂಗಿ, ಅಮೆರಿಕಾದ ಲಾಸ್ ಏಂಜಲೀಸ್‌ನಾಗ 1960ರ ದಶಕದಾಗ ಸ್ಟುಡಿಯೋದಾಗ ಕುಂತು ಲೆಕ್ಕ ಇಡಲಾರದಷ್ಟ ಹಾಡಿಗೆ ಬಾಸ್ ಬಾರಸ್ಯಾರ. ನಮ್ಮ ದೇಶದಾಗ ಮುಂಬೈದ ಮೋಹಿನಿ ಡೇ, ಅಪ್ಪನ ಕೈಯಾಗ ಸಣ್ಣಕಿದ್ದಾಗಿಂದ ಕಲ್ತಾಕಿ, ಆಕಿ ಬೆರಳ ಆಡಸೋದ ನೋಡಿದ್ರ ನಾ ಅಂಗಡಿಗೆ ಹೋಗಿ ಮೋಟರ್ ಸುತ್ತೋದೇ ಛಲೋ ಅನಸ್ತದ. ಪಂಕ್‌ದಾಗ ಅಂತೂ ರೇನ್‌ಕೋಟ್ಸ್ ಅಂಬೋ ಬ್ಯಾಂಡಿನ ಜೀನಾ ಬರ್ಚ್, 1977ರಾಗ ಬಾಸ್ ಹಿಡದು ಕಲ್ಕೋತ ಕಲ್ಕೋತಾನೇ ಬ್ಯಾಂಡ್ ನಡಸಿದಾಕಿ.

ಬೆರಳಿನ ಮಾತಿಗ ಬರೋಣು. ಬಾಸಿನ ತಂತಿ ಉದ್ದ ಸಾಮಾನ್ಯ 34 ಇಂಚು, 30 ಇಂಚಿನ ಶಾರ್ಟ್ ಸ್ಕೇಲ್ ಅಂತ ಸಿಗ್ತದ, ಅದನ್ನ ಕೇಳಿ ತಗೋ. ಮತ್ತ ಯೂಟ್ಯೂಬಿನಾಗ ನಾಕ ಬೆರಳಿಗೆ ನಾಕ ಮನಿ (ಕುತ್ತಿಗಿ ಮ್ಯಾಲಿನ ಅಡ್ಡ ಪಟ್ಟಿಗಳ ನಡುವಿನ ಜಾಗ) ಅಂತ ತೋರಸ್ತಾರ, ಶುರುವಿನಾಗ ಅದನ್ನ ಮಾಡಬ್ಯಾಡ, ಕೈ ಕೆಡ್ತದ. ಕುತ್ತಿಗಿ ತುದಿ ಕಡಿ ಮನಿಗಳು ಅಗಲ ಇರ್ತಾವ, ಅಲ್ಲಿ ತೋರಬೆರಳು, ನಡುಬೆರಳು, ಕಿರಿಬೆರಳು ಈ ಮೂರೇ ಬಳಸಿ ಮೂರ ಮನಿ ಹಿಡಿ, ಉಂಗುರದ ಬೆರಳು ಕಿರಿಬೆರಳಿಗೆ ಒತ್ತಾಸರಿ ಕೊಡ್ಲಿ. ನೆಲಕ್ಕ ನಿಲ್ಲಸಿ ಬಾರಸೋ ಆಳೆತ್ತರದ ಬಾಸಿನ ಮಂದಿ ನೂರ ವರ್ಷಕ್ಕಿಂತ ಹಿಂದಿನಿಂದ ಹಂಗೇ ಬಾರಸ್ತಾರ. ಮೊಬೈಲಿನಾಗ ತಾಳ ಹಾಕೋ ಮೆಟ್ರೊನೋಮ್ ಹಾಕ್ಕೊಂಡು 60ರಾಗ ಒಂದೇ ಸ್ವರ ಹತ್ತ ನಿಮಿಷ. ಬ್ಯಾಸರಾಗ್ತದ, ಆಗ್ಲಿ.

ಕಷ್ಟ ಬೆರಳಿಂದಲ್ಲ ತಂಗಿ, ಅದನ್ನ ಮುಚ್ಚಿಟ್ಟು ಏನ್ ಮಾಡ್ಲಿ. ಕಷ್ಟ ರಾತ್ರಿ ಎರಡಕ್ಕ ವಾಪಸ್ ಬರೋದು, ಹಾಲ್‌ನಾಗ ಬಾತ್‌ರೂಮ್ ಎಲ್ಲದ ಅಂತ ಕೇಳೋದು, ಕುಡದವರು ಸ್ಟೇಜ್ ಏರೋದು. ನಮ್ಮ ಹಾಡೋ ಹೆಣ್ಣಮಕ್ಕಳು ಇದನ್ನ ವರ್ಷಾನುಗಟ್ಟಲೆ ತಾಳ್ಕೊಂಡಾರ. ಅವರ ಜೋಡಿ ಕುಂತು ಮೊದ್ಲ ಮಾತಾಡು, ನನಗಿಂತ ಛಲೋ ಉತ್ತರ ಅವರ ಕಡಿ ಅದ.

ಪ್ರಶ್ನೆ: ಬಾಸ್ ಹಿಡ್ಕೊಂಡು ಕೋರಸ್ ಹಾಡ್ಲಾಕ ಮೈಕಿಗೆ ತುಟಿ ಹಚ್ಚಿದ್ರ ಚುರ್ ಅಂತ ಹೊಡಿತದ. ಯಾಕ? (ಚಿಂಚೋಳಿ)

ಉತ್ತರ: ಹಾಡ ನಿಲ್ಲಸಿ ಬಾಸ್ ಕೆಳಗಿಡು, ಆಮ್ಯಾಲ ಮುಂದಿಂದ ಓದು. ನಿನ್ನ ಕೈ ತಂತಿ ಮ್ಯಾಲ, ತಂತಿ ಆಂಪ್ಲಿಫೈಯರಿನ ಅರ್ಥಿಂಗಿಗೆ, ತುಟಿ ಮೈಕಿಗೆ, ಮೈಕ್ ಮಿಕ್ಸರಿನ ಅರ್ಥಿಂಗಿಗೆ. ಎರಡೂ ಬ್ಯಾರೆ ಬ್ಯಾರೆ ಕಡಿಂದ ಕರೆಂಟ್ ತಗೊಂಡು ಒಂದಕ್ಕ ಅರ್ಥಿಂಗ್ ಇಲ್ಲ ಅಂದ್ರ ನಡುವಿನ ವೈರ್ ನೀನೇ. ಚುರ್ ಅಂದ್ರ ಪುಣ್ಯ, ಇದರಾಗ ಜೀವ ಹೋದವರೂ ಅದಾರ.

ನಿಮ್ಮ ಕಡಿ ಒಂದ ಜಾತ್ರ್ಯಾಗ ಹಿಂಗೇ ಆಗಿತ್ತು. ಜನರೇಟರ್ ತಂದಿದ್ರು, ನೆಲಕ್ಕ ಒಂದ ವೈರೂ ಇಳಸಿದ್ದಿಲ್ಲ. ಅರ್ಥಿಂಗ್ ಎಲ್ರಿ ಅಂತ ಕೇಳಿದ್ರ ಕಮಿಟಿ ಹಿರ್ಯಾರು "ದೇವರ ಜಾತ್ರಿ ಅದ, ಏನೂ ಆಗಂಗಿಲ್ಲ" ಅಂದ್ರು. ನಾ ಮೋಟರ್ ಕೆಲಸದವ, ದೇವರ ಮ್ಯಾಲ ನಂಬಿಕಿ ಅದ, ಆ ಜನರೇಟರ್ ಮ್ಯಾಲ ಇರಲಿಲ್ಲ. ಟೆಸ್ಟರ್ ಹಚ್ಚಿದೆ, ಮೈಕಿನ ಜಾಳಗಿ ಮ್ಯಾಲ ದೀಪ ಹತ್ತಿತು. ಟೆಸ್ಟರಿನ ಆ ಕೆಂಪ ದೀಪ ನೋಡಿದ ಮ್ಯಾಲ ಹಾಡೋ ಅಕ್ಕ ಸ್ಟೇಜ್ ಇಳದೇ ಬಿಟ್ಲು. ಪೆಂಡಾಲ್‌ನವರ ಕಬ್ಬಿಣದ ಗೂಟ ಬಡದು, ಸುತ್ತ ಎರಡ ಕೊಡ ನೀರ ಹಾಕಿ, ಜನರೇಟರಿನ ಬಾಡಿಯಿಂದ ವೈರ್ ಎಳದು ಅದಕ್ಕ ಬಿಗದು, ಮಿಕ್ಸರ್ ಆಂಪ್ಲಿಫೈಯರ್ ಎಲ್ಲಾ ಒಂದೇ ಬೋರ್ಡಿಗೆ ಹಾಕ್ದೆ. ದೀಪ ಆರ್ತು. ಒಂದ ತಾಸ ತಡಾ ಆಯ್ತು ಅಂತ ಕಮಿಟಿಯವರು 500 ರೂಪಾಯಿ ಮುರ್ಕೊಂಡ್ರು.

ನೀನು ಟೆಸ್ಟರ್ ಒಂದ ಯಾವಾಗ್ಲೂ ಬ್ಯಾಗಿನಾಗ ಇಡು. ಹಾಡೋಕಿಂತ ಮೊದ್ಲ ಮೈಕಿಗೆ ಹಚ್ಚಿ ನೋಡು, ತುಟಿ ಆಮ್ಯಾಲ. ಮತ್ತ ಪ್ಲಗ್ಗಿನ ಮೂರನೇ ದಪ್ಪ ಪಿನ್ನು ಮುರದು ಹಾಕೋ ಸೌಂಡ್‌ನವರು ಇರ್ತಾರ, ಗುಂಯ್ ಅನ್ನೋದ ನಿಲ್ತದ ಅಂತ. ಅಂಥವರ ಜೋಡಿ ಪ್ರೋಗ್ರಾಮ್ ಒಪ್ಕೋಬ್ಯಾಡ.

ಪ್ರಶ್ನೆ: ಬಾಸಿನ ತಂತಿ ಸೆಟ್ಟಿಗೆ ಎರಡ ಸಾವಿರದ ಮ್ಯಾಲ ಹೇಳ್ತಾರ. ಆರ ತಿಂಗಳಿಗೆ ಸಪ್ಪಳ ಮಂಕ ಆಗ್ತದ. ಉಪಾಯ ಅದ ಏನು? (ಬಸವಕಲ್ಯಾಣ)

ಉತ್ತರ: ಕುದಸು. ನಗಬ್ಯಾಡ, ಖರೇನ ಹೇಳ್ಲಾಕತ್ತೀನಿ. ದಪ್ಪ ತಂತಿ ಅಂದ್ರ ಒಂದ ಸರಳಿನ ಸುತ್ತ ಇನ್ನೊಂದ ತಂತಿ ಸುತ್ತಿರ್ತಾರ, ಆ ಸಂದ್ಯಾಗ ಬೆವರು, ಬೆರಳಿನ ಎಣ್ಣಿ, ಲಗ್ನದ ಊಟದ ಜಿಡ್ಡ ಎಲ್ಲಾ ಕುಂತು ಸಪ್ಪಳ ತಿಂತಾವ. ತಂತಿ ಸಡ್ಲ ಮಾಡಿ ಬಿಚ್ಚಿ, ಸುರುಳಿ ಸುತ್ತಿ, ಕುದಿಯೋ ನೀರಾಗ ಹತ್ತ ನಿಮಿಷ ಬಿಡು. ನೀರ ಚಾ ಬಣ್ಣಕ್ಕ ತಿರಗ್ತದ, ಅವಾಗ ಗೊತ್ತಾಗ್ತದ ಏನೇನ ಕೂಡಿತ್ತು ಅಂತ. ತಗದು ಟವಲ್‌ಲೆ ಒರಸಿ, ಬಿಸಲಾಗ ಒಣಗಸಿ, ಪೂರ್ತಿ ಒಣಗಿದ ಮ್ಯಾಲ ಹಾಕು, ಹಸಿ ಇದ್ದಾಗ ಹಾಕಿದ್ರ ತುಕ್ಕ ಹಿಡಿತದ. ಒಂದೆರಡ ತಿಂಗಳ ಹೊಸದರಂಗ ಟಣಟಣ ಅಂತಾವ, ಎರಡ ಮೂರ ಸಲ ಹಿಂಗ ಮಾಡಬಹುದು, ಆಮ್ಯಾಲ ಹೊಸಾವೇ ತರಬೇಕು.

ಬೋಗಾಣಿ ಮಾತ್ರ ಬ್ಯಾರೆ ಇಟ್ಕೋ. ನಾ ಮೊದಲ ಸಲ ನಮ್ಮವ್ವನ ಹಾಲಿನ ಬೋಗಾಣ್ಯಾಗ ಕುದಸಿದ್ದೆ, ಆ ಬೋಗಾಣಿ ಮತ್ತ ಅಡಗಿಮನಿ ಹೊಸ್ತಲ ದಾಟಲಿಲ್ಲ, ಈಗ ಅದರಾಗ ಮನಿಪ್ಲಾಂಟ್ ಬೆಳದದ.